ಡಿಎಪಿ ಹಾಕಿದ್ದಕ್ಕೇ ಗೋಧಿಯಲ್ಲಿ ಕಸ ಜಾಸ್ತಿಯಾಯಿತೇ?

ಪ್ರಶ್ನೆ: ನಮ್ಮದು ನವಲಗುಂದ ಕಡೆಯ ಎರೆ ಹೊಲ, ನಾಲ್ಕು ಎಕರೆ. ಮಲಪ್ರಭಾ ಕಾಲುವೆ ನೀರಿದೆ. ಮುಂಗಾರಿಗೆ ಗೋವಿನಜೋಳ, ಹಿಂಗಾರಿಗೆ ಗೋಧಿ. ಆರು ವರ್ಷದಿಂದ ಗೋಧಿ ಬಿತ್ತಿದ ಮೇಲೆ ಎಕರೆಗೆ ಒಂದು ಚೀಲ ಡಿಎಪಿ ಗೊಬ್ಬರ ಎರಚಿ ನೀರು ಬಿಡುತ್ತೇನೆ. ಈಗ ಎರಡು ವರ್ಷದಿಂದ ಗೋಧಿ ತೆಂಡೆ (ಬುಡದ ಮರಿಕಾಂಡ) ಒಡೆಯುತ್ತಿಲ್ಲ. ಕೆಳಗಿನ ಎಲೆಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಚಕ್ಕೋತ ಸೊಪ್ಪು, ಕಾಂಗ್ರೆಸ್ ಕಸ, ಜೇಕು ಮಾತ್ರ ಸೊಂಪಾಗಿ ಬರುತ್ತವೆ. ಕಳೆದ ವರ್ಷ ಆಳು ಸಿಗದೆ 20ನೇ ದಿನಕ್ಕೆ 2,4-ಡಿ ಕಳೆನಾಶಕ ಹೊಡೆಸಿದೆ. ಕಸ ಸತ್ತಿತು, ಆದರೆ ಗೋಧಿ ತೆನೆಗಳು ತಿರುಚಿಕೊಂಡವು. ಪಕ್ಕದವರ ಕಡಲೆಯೂ ಮುರುಟಿ ಜಗಳವಾಯಿತು. ಊರವರು ‘ಡಿಎಪಿಯಿಂದಲೇ ಕಸ, ನಿಲ್ಲಿಸು’ ಅನ್ನುತ್ತಾರೆ. ಅಂಗಡಿಯವರು ‘25ನೇ ದಿನಕ್ಕೆ ಇನ್ನೊಂದು ಚೀಲ ಡಿಎಪಿ ಹಾಕಿ, ಸಲ್ಫೋಸಲ್ಫ್ಯುರಾನ್ ಮತ್ತು ಮೆಟ್‌ಸಲ್ಫ್ಯುರಾನ್ ಸೇರಿದ ಕಸದ ಔಷಧಿ ಹೊಡೆಯಿರಿ’ ಅನ್ನುತ್ತಾರೆ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 8.4, ರಂಜಕ ಹೆಕ್ಟೇರಿಗೆ 41 ಕೆಜಿ, ಸತು 0.4 ಪಿಪಿಎಂ ಬಂದಿದೆ. ಜೂನ್‌ನಲ್ಲಿ ಮತ್ತೆ ಗೋವಿನಜೋಳ ಹಾಕಬೇಕು. ಈ ಸಲ ಯಾರ ಮಾತು ಕೇಳಲಿ?

ಉತ್ತರ: ಮಣ್ಣು ಪರೀಕ್ಷೆ ಮಾಡಿಸಿಕೊಂಡು ಪ್ರಶ್ನೆ ಕೇಳುವವರು ಅಪರೂಪ. ಅದರಿಂದ ನನ್ನ ಅರ್ಧ ಕೆಲಸ ಹಗುರವಾಯಿತು. ನಿಮ್ಮ ಚಿಂತೆ ಎರಡು. ಗೊಬ್ಬರ ಗೋಧಿಗೆ ಸಿಗುತ್ತಿಲ್ಲ, ಕಸಕ್ಕೆ ಸಿಗುತ್ತಿದೆ. ಕಸ ಕೊಲ್ಲಲು ಹೋದರೆ ಗೋಧಿಗೂ ಪಕ್ಕದ ಹೊಲಕ್ಕೂ ಪೆಟ್ಟು. ನೀವು ಇವನ್ನು ಬೇರೆ ಬೇರೆ ಅಂದುಕೊಂಡಿದ್ದೀರಿ. ನನಗೆ ಎರಡರ ಬೇರೂ ಒಂದೇ ಕಡೆ ಕಾಣುತ್ತದೆ: ನೀವು ಡಿಎಪಿಯನ್ನು ನೆಲದ ಮೇಲೆ ಎರಚುತ್ತಿದ್ದೀರಿ.

ಮೊದಲು ಊರವರ ಮಾತು. ಡಿಎಪಿ ಚೀಲದಲ್ಲಿ ಕಸದ ಬೀಜ ಇರುವುದಿಲ್ಲ. ಕಸದ ಬೀಜ ನಿಮ್ಮ ಮಣ್ಣಿನಲ್ಲೇ ಇದೆ. ಚಕ್ಕೋತದ ಒಂದು ದೊಡ್ಡ ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ, ಅವು ಮಣ್ಣಿನಡಿ ವರ್ಷಗಟ್ಟಲೆ ಮೊಳಕೆಶಕ್ತಿ ಉಳಿಸಿಕೊಂಡು ಮಲಗಿರುತ್ತವೆ. ಇದರ ಜೊತೆಗೆ ಕಾಲುವೆ ನೀರು ತಂದದ್ದು, ಸರಿಯಾಗಿ ಕೊಳೆಯದ ತಿಪ್ಪೆ ಗೊಬ್ಬರದಲ್ಲಿ ಬಂದದ್ದು, ಮನೆಯಲ್ಲೇ ಉಳಿಸಿಕೊಂಡ ಬಿತ್ತನೆ ಬೀಜದಲ್ಲಿ ಬೆರೆತದ್ದು ಬೇರೆ.

ಹಾಗಂತ ಊರವರು ಸುಮ್ನೆ ಹೇಳುತ್ತಿಲ್ಲ. ಕಣ್ಣಿಗೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಎರಚಿದ ಡಿಎಪಿ ನೆಲದ ಮೇಲಿನ ಒಂದೆರಡು ಬೆರಳು ದಪ್ಪದ ಮಣ್ಣಿನಲ್ಲೇ ಉಳಿಯುತ್ತದೆ. ಕಸದ ಸಣ್ಣ ಬೀಜ ಮೊಳೆಯುವುದೂ ಅಲ್ಲೇ. ಗೋಧಿಯನ್ನು ನೀವು ಎರಡು ಅಂಗುಲ ಕೆಳಗೆ ಬಿತ್ತಿದ್ದೀರಿ, ಅದರ ಬೇರು ಅಲ್ಲಿಂದ ಇನ್ನೂ ಕೆಳಗೆ ಹೋಗುತ್ತದೆ. ಊಟ ಬಡಿಸಿದ್ದು ಕಸದ ಎಲೆಗೆ, ಗೋಧಿ ಪಕ್ಕದಲ್ಲಿ ಕಾಯುತ್ತಾ ಕೂತಿದೆ. ಆದ್ದರಿಂದ ಡಿಎಪಿ ಹಾಕಿದ ಹೊಲದಲ್ಲಿ ಕಸ ದಷ್ಟಪುಷ್ಟವಾಗಿ ಕಾಣುವುದು ನಿಜ. ಕಸ ಹುಟ್ಟಿದ್ದು ಡಿಎಪಿಯಿಂದ ಅನ್ನುವುದಷ್ಟೇ ತಪ್ಪು.

ಡಿಎಪಿ ನಿಲ್ಲಿಸಿದರೆ ಕಸ ಹೋಗುತ್ತದಾ? ಇದಕ್ಕೆ ಬಹಳ ಹಳೆಯ ಉತ್ತರವೊಂದಿದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಹೊಲವಿದೆ. ಅಲ್ಲಿ 1843ರಿಂದ ಗೋಧಿಯ ಪ್ರಯೋಗ ನಡೆಯುತ್ತಲೇ ಇದೆ. ಶುರು ಮಾಡಿದ ಜಾನ್ ಲಾಸ್ ಅದರ ಹಿಂದಿನ ವರ್ಷವಷ್ಟೇ ಸೂಪರ್‌ಫಾಸ್ಫೇಟ್ ತಯಾರಿಕೆಗೆ ಪೇಟೆಂಟ್ ಪಡೆದಿದ್ದರು. ಆ ಹೊಲದ ಒಂದು ಭಾಗಕ್ಕೆ ಕಳೆನಾಶಕವನ್ನು ಇವತ್ತಿನವರೆಗೂ ತಾಗಿಸಿಲ್ಲ. ಅಲ್ಲಿ ಗೊಬ್ಬರವನ್ನೇ ಕಾಣದ ಪಟ್ಟಿಯೂ ಕಸದಿಂದ ತುಂಬಿರುತ್ತದೆ. ಗೊಬ್ಬರ ಹಾಕಿದ ಪಟ್ಟಿಗಳಿಗಿಂತ ಅಲ್ಲಿ ಕಸದ ಜಾತಿಗಳೇ ಜಾಸ್ತಿ. ಗೊಬ್ಬರ ನಿಲ್ಲಿಸಿದರೆ ಬಡವಾಗುವುದು ಬೆಳೆ. ಕಸ ಬರೀ ವೇಷ ಬದಲಿಸುತ್ತದೆ.

ಅಜ್ಜನ ಕಾಲದಲ್ಲಿ ಗೋಧಿಯಲ್ಲಿ ಇಷ್ಟು ಕಸ ಇರಲಿಲ್ಲವಲ್ಲ ಅಂತ ನೀವು ಕೇಳಬಹುದು. ಆಗ ಬೆಳೆಯುತ್ತಿದ್ದ ಜವೆ ಗೋಧಿ ಎತ್ತರ, ನೆರಳು ಜಾಸ್ತಿ. 1960ರ ದಶಕದಲ್ಲಿ ಮೆಕ್ಸಿಕೊದಿಂದ ಬಂದ ಗಿಡ್ಡ ಗೋಧಿ ಮತ್ತು ಅದರ ಸಂತತಿ ಇಳುವರಿ ಕೊಟ್ಟವು, ಆದರೆ ನೆಲಕ್ಕೆ ಬಿಸಿಲನ್ನೂ ಬಿಟ್ಟವು. ನೀರಾವರಿ ಬಂದ ಮೇಲೆ ಪ್ರತಿ ನೀರಿಗೂ ಹೊಸ ಕಸ ಏಳುತ್ತದೆ. ಮನೆಮಂದಿಯೆಲ್ಲ ಕೂತು ಕಸ ಕೀಳುವ ಕಾಲವೂ ಹೋಯಿತು.

ಈಗ ರಂಜಕದ ಲೆಕ್ಕ. ಸ್ವಲ್ಪ ನಿಧಾನವಾಗಿ ಓದಿ, ಎಲ್ಲರೂ ಎಡವುವುದು ಇಲ್ಲೇ.

ಒಂದು ಚೀಲ ಡಿಎಪಿಯಲ್ಲಿ 23 ಕೆಜಿ ರಂಜಕ, 9 ಕೆಜಿ ಸಾರಜನಕ ಇದೆ. ಸಾರಜನಕ ನೀರಿನ ಜೊತೆ ಇಳಿಯುತ್ತದೆ, ಓಡಾಡುತ್ತದೆ. ರಂಜಕ ಹಾಗಲ್ಲ. ಎರೆ ಮಣ್ಣಿನಲ್ಲಿ ಡಿಎಪಿ ಕಾಳು ಕರಗಿದ ಜಾಗದಿಂದ ರಂಜಕ ಒಂದೆರಡು ಸೆಂಟಿಮೀಟರ್ ಹರಡಿದರೆ ಅದೇ ದೊಡ್ಡದು. ನಿಮ್ಮ ಮಣ್ಣಿನ ಪಿಎಚ್ 8.4, ಅಂದರೆ ಸುಣ್ಣ ಧಾರಾಳವಾಗಿದೆ. ಕರಗಿದ ರಂಜಕವನ್ನು ಆ ಸುಣ್ಣ ಹಿಡಿದು, ದಿನ ಕಳೆದಂತೆ ಬೇರಿಗೆ ಸಿಗದ ರೂಪಕ್ಕೆ ತಿರುಗಿಸುತ್ತದೆ. ಹಾಕಿದ್ದರಲ್ಲಿ ಆ ವರ್ಷದ ಬೆಳೆಗೆ ಸಿಗುವುದು ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲು, ಎಷ್ಟೋ ಸಲ ಅದಕ್ಕೂ ಕಡಿಮೆ. ಉಳಿದದ್ದು ಪೂರ್ತಿ ಹಾಳಾಗುವುದಿಲ್ಲ, ಮಣ್ಣಿನ ಖಾತೆಯಲ್ಲಿ ಇರುತ್ತದೆ. ಬೇಕಾದ ಕೂಡಲೇ ತೆಗೆಯಲು ಬರುವುದಿಲ್ಲ ಅಷ್ಟೇ.

ನಿಮ್ಮ ವರದಿಯ 41 ಕೆಜಿ ಅಂದರೆ ಮಧ್ಯಮ. ಹೆಕ್ಟೇರಿಗೆ ಸುಮಾರು 23ಕ್ಕಿಂತ ಕೆಳಗಿದ್ದರೆ ಕಡಿಮೆ, 56 ದಾಟಿದರೆ ಜಾಸ್ತಿ ಅಂತ ಓದಬೇಕು. ಅಂದರೆ ನಿಲ್ಲಿಸುವ ಸ್ಥಿತಿಯೂ ಅಲ್ಲ, ಎರಡು ಚೀಲಕ್ಕೆ ಏರಿಸುವ ಸ್ಥಿತಿಯೂ ಅಲ್ಲ. ಒಂದು ಟನ್ ಗೋಧಿ ಕಾಳಿನ ಜೊತೆ 8ರಿಂದ 10 ಕೆಜಿ ರಂಜಕ ಹೊಲ ಬಿಟ್ಟು ಹೋಗುತ್ತದೆ. ಗೋವಿನಜೋಳ ಬೇರೆ ಒಯ್ಯುತ್ತದೆ. ಪೂರ್ತಿ ನಿಲ್ಲಿಸಿದರೆ ಕೆಲವು ವರ್ಷದಲ್ಲಿ ‘ಕಡಿಮೆ’ ಪಟ್ಟಿಗೆ ಇಳಿಯುತ್ತೀರಿ.

ಹಾಗಾದರೆ ನೇರಳೆ ಎಲೆ ಯಾಕೆ? ಗೋಧಿಗೆ ರಂಜಕ ಬೇಕೇ ಬೇಕಾದದ್ದು ಮೊದಲ ಮೂರ್ನಾಲ್ಕು ವಾರ. ಬೇರು ಇಳಿಯುವುದು, 21ನೇ ದಿನದ ಆಸುಪಾಸಿಗೆ ಬುಡದ ಬೇರು ಒಡೆಯುವುದು, ತೆಂಡೆ ಬರುವುದು, ಎಲ್ಲಕ್ಕೂ ಆಗಲೇ ಬೇಕು. ಆ ಹೊತ್ತಿಗೆ ಬೇರು ಚಿಕ್ಕದು, ಮಣ್ಣು ತಂಪು, ಗೊಬ್ಬರ ಮೇಲೆ, ಮೇಲ್ಮಣ್ಣು ಒಣಗಿ ಹೆಂಟೆ. ಸಿಗುವುದೆಲ್ಲಿಂದ? ಬರೀ ಚಳಿಗೂ ಎಲೆ ನೇರಳೆಯಾಗುವುದುಂಟು. ಎರಡನ್ನೂ ಹೀಗೆ ಬಿಡಿಸಿ ನೋಡಿ. 25ನೇ ದಿನ ನಾಲ್ಕೈದು ಕಡೆ ಗಿಡವನ್ನು ಹೆಂಟೆ ಸಮೇತ ಅಗೆದು ತೆಗೆಯಿರಿ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಬಿಡಿ, ಆಮೇಲೆ ಮೆಲ್ಲಗೆ ತೊಳೆಯಿರಿ. ಬುಡದಿಂದ ಬೆಳ್ಳಗಿನ ದಪ್ಪ ಬೇರುಗಳು ಒಡೆದಿದ್ದು, ಎರಡು ಮೂರು ತೆಂಡೆ ಇಣುಕಿದ್ದರೆ ಅದು ಚಳಿಯ ಬಣ್ಣ, ಬಿಸಿಲು ಏರಿದಂತೆ ಹೋಗುತ್ತದೆ. ಬುಡದ ಬೇರು ಮೊಂಡಾಗಿದ್ದು, ಒಂಟಿ ಕಾಂಡ ನಿಂತಿದ್ದು, ಎಲೆ ಮಬ್ಬು ಕಡುಹಸಿರಾಗಿದ್ದರೆ ಅದು ರಂಜಕದ ಹಸಿವು. ನೀವು ಬರೆದ ಲಕ್ಷಣ ಎರಡನೆಯದಕ್ಕೇ ಹೊಂದುತ್ತದೆ.

ಅಂಗಡಿಯವರು ಹೇಳಿದ 25ನೇ ದಿನದ ಎರಡನೇ ಚೀಲ ದಂಡ. ಯೂರಿಯಾ ಮೇಲುಗೊಬ್ಬರವಾಗಿ ಕೆಲಸ ಮಾಡುತ್ತದೆ ಅಂತ ಡಿಎಪಿಯೂ ಮಾಡಬೇಕಿಲ್ಲ. ಆ ಹೊತ್ತಿಗೆ ಎರಚಿದರೆ ಅದರಲ್ಲಿನ 9 ಕೆಜಿ ಸಾರಜನಕಕ್ಕೆ ಗೋಧಿ ಹಸಿರಾಗುತ್ತದೆ, ನಾವು ‘ಡಿಎಪಿ ಹಿಡಿಯಿತು’ ಅಂದುಕೊಳ್ಳುತ್ತೇವೆ. ಅಷ್ಟೇ ಹಸಿರು 20 ಕೆಜಿ ಯೂರಿಯಾ ಕೊಡುತ್ತದೆ, ಬಹಳ ಅಗ್ಗಕ್ಕೆ. ನ್ಯಾನೊ ಡಿಎಪಿ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂದಿನ ಪ್ರಶ್ನೆ ಅದೇ ಇರುತ್ತದೆ. ಅದರಲ್ಲಿ ರಂಜಕ ನೂರಕ್ಕೆ 16. ಅರ್ಧ ಲೀಟರ್ ಬಾಟಲಿಯಲ್ಲಿ 80 ಗ್ರಾಂ. ಚೀಲದಲ್ಲಿ 23 ಕೆಜಿ. ಎಲೆಗೆ ಒಂದಿಷ್ಟು ಆಸರೆ ಅಂತ ಹೊಡೆದರೆ ಹೊಡೆಯಿರಿ, ಮಣ್ಣಿಗೆ ಹಾಕುವುದರ ಬದಲಿ ಅಂತ ಮಾತ್ರ ಎಣಿಸಬೇಡಿ.

ಈ ಸಲ ಮಾಡಬೇಕಾದದ್ದು ಒಂದೇ ದೊಡ್ಡ ಬದಲಾವಣೆ. ಅದೇ ಒಂದು ಚೀಲವನ್ನು ಬಿತ್ತುವಾಗಲೇ ಸಾಲಿನೊಳಗೆ, ಬೀಜಕ್ಕಿಂತ ಎರಡು ಬೆರಳು ಕೆಳಗೆ ಅಥವಾ ಪಕ್ಕಕ್ಕೆ ಇಳಿಸಿ. ಬೀಜ ಮತ್ತು ಗೊಬ್ಬರ ಎರಡೂ ಹಾಕುವ ಟ್ರ್ಯಾಕ್ಟರ್ ಕೂರಿಗೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ. ಎತ್ತಿನ ಕೂರಿಗೆಯಾದರೆ ಮೊದಲು ಗೊಬ್ಬರ ಆಳಕ್ಕೆ ಬಿಟ್ಟು, ಅದೇ ಸಾಲಿನಲ್ಲಿ ಸ್ವಲ್ಪ ಮೇಲೆ ಬೀಜ ಬಿಡಬಹುದು. ಎರಡು ಸಲ ಓಡಾಟ, ಬೇಸರದ ಕೆಲಸ, ನಿಜ. ಬೀಜಕ್ಕೆ ಅಂಟಿಕೊಂಡಂತೆ ಮಾತ್ರ ಹಾಕಬೇಡಿ. ಈ ಪಿಎಚ್‌ನಲ್ಲಿ ಡಿಎಪಿಯಿಂದ ಏಳುವ ಅಮೋನಿಯಾ ಮೊಳಕೆ ಸುಡುತ್ತದೆ. ಯೂರಿಯಾ ಬೀಜದ ಜೊತೆ ಬೇಡವೇ ಬೇಡ.

ಡಿಎಪಿ ಸಿಗದಿದ್ದರೆ ಅಂಗಡಿ ಅಂಗಡಿ ಅಲೆಯಬೇಡಿ. ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ 24 ಕೆಜಿ ರಂಜಕ ಬರುತ್ತದೆ, ಜೊತೆಗೆ ಗಂಧಕ ಪುಕ್ಕಟೆ. ಹೊರುವುದು ಜಾಸ್ತಿ, ಕಾಳು ರೂಪದ್ದು ಸಿಕ್ಕರೆ ಕೂರಿಗೆಯಲ್ಲಿ ಸಲೀಸಾಗಿ ಇಳಿಯುತ್ತದೆ. ಅದರಲ್ಲಿ ಸಾರಜನಕ ಇಲ್ಲ, ಆದ್ದರಿಂದ 20 ಕೆಜಿ ಯೂರಿಯಾ ಬೇರೆ ಕೊಡಬೇಕು. ರಂಜಕ ಕರಗಿಸುವ ಜೀವಾಣುವಿನ ಬೀಜೋಪಚಾರ ಅಗ್ಗದ್ದು, ಮಾಡಿ. ಬೀಜಕ್ಕೆ ಔಷಧಿ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ. ಪವಾಡ ನಿರೀಕ್ಷಿಸಬೇಡಿ.

ಸತುವನ್ನು ನೀವು ಪ್ರಶ್ನೆಯ ಕೊನೆಯಲ್ಲಿ ಹಾಗೇ ಹೇಳಿ ಬಿಟ್ಟಿದ್ದೀರಿ. ನನ್ನ ಕಣ್ಣು ಮೊದಲು ಹೋದದ್ದು ಅದರ ಮೇಲೆ. 0.6 ಪಿಪಿಎಂ ಇರಬೇಕಾದಲ್ಲಿ 0.4 ಇದೆ. ಇಂಥಲ್ಲಿ ರಂಜಕ ಏರಿಸಿದಷ್ಟೂ ಸತುವಿನ ಕೊರತೆ ಜೋರಾಗುತ್ತದೆ. ಎರಡನೇ ಚೀಲ ಬೇಡ ಅನ್ನಲು ಇದೂ ಕಾರಣ. ಎಕರೆಗೆ 8ರಿಂದ 10 ಕೆಜಿ ಸತುವಿನ ಸಲ್ಫೇಟನ್ನು ಕೊಳೆತ ಗೊಬ್ಬರದಲ್ಲಿ ಕಲಸಿ, ಬಿತ್ತುವ ಮುಂಚಿನ ಕುಂಟೆಗೆ ಮೊದಲು ಹಾಕಿ. ಡಿಎಪಿ ಜೊತೆ ಒಂದೇ ಬುಟ್ಟಿಯಲ್ಲಿ ಬೆರೆಸಬೇಡಿ, ಎರಡೂ ಕೂಡಿಕೊಂಡು ಬೇರಿಗೆ ಸಿಗದ ವಸ್ತುವಾಗುತ್ತವೆ.

ಇನ್ನು ಕಸ. ಕಳೆದ ವರ್ಷದ ತಿರುಚಿದ ತೆನೆ ಔಷಧಿಯ ತಪ್ಪಲ್ಲ, ದಿನದ ತಪ್ಪು. 20ನೇ ದಿನಕ್ಕೆ ಗೋಧಿಯ ಸುಳಿಯೊಳಗೆ, ಬುಡದ ಹತ್ತಿರ, ಮುಂದಿನ ತೆನೆ ರೂಪುಗೊಳ್ಳುತ್ತಿರುತ್ತದೆ. ಆಗ 2,4-ಡಿ ಬಿದ್ದರೆ ಎಲೆ ಈರುಳ್ಳಿ ಎಲೆಯಂತೆ ಕೊಳವೆಯಾಗುತ್ತದೆ, ತೆನೆ ಸೊಟ್ಟಗಾಗುತ್ತದೆ. ತೆಂಡೆ ಪೂರ್ತಿ ಬಂದ ಮೇಲೆ, ಗಿಣ್ಣು ಏಳುವ ಮುಂಚೆ ಹೊಡೆಯಬೇಕು. ಪುಸ್ತಕದಲ್ಲಿ 30ರಿಂದ 35 ದಿನ ಅಂತಿರುತ್ತದೆ. ನಮ್ಮ ಕಡೆ ಚಳಿ ಮೋಟು, ಗೋಧಿಗೆ ಅವಸರ, ತಡವಾಗಿ ಬಿತ್ತಿದರೆ ಇನ್ನೂ ಅವಸರ. ಅದಕ್ಕೆ ಕ್ಯಾಲೆಂಡರ್ ನಂಬಬೇಡಿ. ದೊಡ್ಡ ಕಾಂಡದ ಬುಡವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಮೇಲಕ್ಕೆ ಸರಿಸಿ. ನೆಲದಿಂದ ಮೇಲೆ ಗಟ್ಟಿ ಗಂಟು ಕೈಗೆ ಸಿಕ್ಕಿತೇ? ಪಂಪು ಮನೆಗೆ ಒಯ್ಯಿರಿ, ಕಾಲ ಮೀರಿದೆ.

ಪಕ್ಕದವರ ಕಡಲೆ ವಿಷಯದಲ್ಲಿ ನಾನೂ ಪೆಟ್ಟು ತಿಂದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗಾಳಿ ಸ್ವಲ್ಪ ಇದ್ದರೂ ಪರವಾಗಿಲ್ಲ ಅಂತ ಒಬ್ಬರಿಗೆ ಹೇಳಿ 2,4-ಡಿ ಹೊಡೆಸಿದ್ದೆ. ಹತ್ತು ದಿನಕ್ಕೆ ಬದುವಿನ ಆಚೆಯ ಹತ್ತಿ ಎಲೆಗಳು ಬೆಂಡೆ ಎಲೆಯ ಹಾಗೆ ಬೆರಳು ಚಾಚಿದ್ದವು. ಹೊಲದವರು ಒಂದು ಎಲೆ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟು, ಏನೂ ಮಾತಾಡದೆ ನಿಂತರು. ಆ ದಿನದಿಂದ ನನ್ನ ಸಲಹೆ ಬಿಗಿಯಾಗಿದೆ: ಹತ್ತಿ, ಕಡಲೆ, ಮೆಣಸಿನಗಿಡ ಪಕ್ಕದಲ್ಲಿದ್ದರೆ, ಗಾಳಿ ಅವುಗಳ ಕಡೆ ಬೀಸುತ್ತಿದ್ದರೆ 2,4-ಡಿ ಬೇಡ. ಹೊಡೆಯಲೇಬೇಕಾದರೆ ಸೋಡಿಯಂ ಲವಣದ ಪುಡಿ ತನ್ನಿ, ಎಸ್ಟರ್ ರೂಪದ್ದು ಆವಿಯಾಗಿಯೂ ಹಾರುತ್ತದೆ. 80%ರ ಪುಡಿ ಎಕರೆಗೆ 250ರಿಂದ 300 ಗ್ರಾಂ, ನೀರು 150 ಲೀಟರಿಗೆ ಕಡಿಮೆ ಬೇಡ, ನಳಿಕೆ ತಗ್ಗಿಸಿ ಹಿಡಿಯಿರಿ. ಆ ಪಂಪನ್ನು ಮೆಣಸಿನಗಿಡಕ್ಕೆ ಮತ್ತೆ ಬಳಸದಿರುವುದೇ ಒಳ್ಳೆಯದು, ಎಷ್ಟು ತೊಳೆದರೂ ವಾಸನೆ ಉಳಿಯುತ್ತದೆ.

ಅಂಗಡಿಯವರು ಹೇಳಿದ ಮಿಶ್ರಣ ಕೆಟ್ಟದ್ದಲ್ಲ, ನಿಮ್ಮ ಹೊಲಕ್ಕೆ ಹೊಂದುವುದಿಲ್ಲ. 1990ರ ದಶಕದ ಆರಂಭದಲ್ಲಿ ಹರಿಯಾಣ, ಪಂಜಾಬಿನ ಕಡೆ ಗುಲ್ಲಿ ದಂಡಾ ಎಂಬ ಹುಲ್ಲು ಐಸೋಪ್ರೊಟ್ಯುರಾನ್ ಎಂಬ ಕಳೆನಾಶಕಕ್ಕೆ ಜಗ್ಗದಾಯಿತು. ಎಳೆಯದರಲ್ಲಿ ಅದು ಥೇಟ್ ಗೋಧಿಯಂತೆಯೇ ಇರುತ್ತದೆ, ಕೈಯಲ್ಲಿ ಕೀಳುವುದೂ ಕಷ್ಟ. ಸಲ್ಫೋಸಲ್ಫ್ಯುರಾನ್, ಕ್ಲೋಡಿನಾಫಾಪ್ ಅಲ್ಲಿ ಬಳಕೆಗೆ ಬಂದದ್ದು ಆ ಕಾಟಕ್ಕೆ. ನಿಮ್ಮ ಪಟ್ಟಿಯಲ್ಲಿ ಅಂಥ ಹುಲ್ಲೇ ಇಲ್ಲ. ಇಲ್ಲದ ರೋಗಕ್ಕೆ ಮದ್ದು ಯಾಕೆ? ಅದಕ್ಕಿಂತ ದೊಡ್ಡ ಮಾತು, ಸಲ್ಫೋಸಲ್ಫ್ಯುರಾನ್ ಶೇಷ ಮಣ್ಣಿನಲ್ಲಿ ಉಳಿದು ಮುಂದಿನ ಗೋವಿನಜೋಳಕ್ಕೂ ಜೋಳಕ್ಕೂ ಪೆಟ್ಟು ಕೊಡುತ್ತದೆ. ನಿಮ್ಮಂಥ ಕ್ಷಾರ ಮಣ್ಣಿನಲ್ಲಿ ಈ ಗುಂಪಿನ ಔಷಧಿಗಳು ಕರಗುವುದೂ ನಿಧಾನ. ಜೂನ್‌ನಲ್ಲಿ ಗೋವಿನಜೋಳ ಹಾಕುವವರು ಇದನ್ನು ಮುಟ್ಟದಿರುವುದೇ ಲೇಸು.

ಮೆಟ್‌ಸಲ್ಫ್ಯುರಾನ್ ಒಂದನ್ನೇ ಬಳಸಬಹುದು. 20%ರದ್ದು ಎಕರೆಗೆ ಬರೀ 8 ಗ್ರಾಂ, ಅಂಟುದ್ರಾವಣದ ಜೊತೆ. ಚಕ್ಕೋತ, ಎಳೆಯ ಕಾಂಗ್ರೆಸ್ ಕಸಕ್ಕೆ ಸಾಕು. 8 ಗ್ರಾಂ ಅಂದರೆ ಚಿಟಿಕೆ ಲೆಕ್ಕ, ಕೈಯಂದಾಜು ನಡೆಯುವುದಿಲ್ಲ. ಇದೂ ಅದೇ ಗುಂಪಿನದು. ಮುಂದೆ ಯಾವ ಬೆಳೆ ಹಾಕಬಾರದು ಅನ್ನುವುದನ್ನು ಲೇಬಲ್‌ನಲ್ಲಿ ಓದಿಯೇ ತನ್ನಿ, ಅದರಲ್ಲೂ ಸೂರ್ಯಕಾಂತಿ, ದ್ವಿದಳಧಾನ್ಯ ಹಾಕುವವರು. ಜವೆ ಗೋಧಿ ಅಥವಾ ಬನ್ಸಿ ಗೋಧಿ ಇದ್ದರೆ ಮೊದಲು ನಾಲ್ಕು ಸಾಲಿಗೆ ಹೊಡೆದು ಒಂದು ವಾರ ನೋಡಿ. ಬಿತ್ತಿದ ಎರಡು ಮೂರು ದಿನದೊಳಗೆ ಹೊಡೆಯುವ ಪೆಂಡಿಮೆಥಾಲಿನ್ ಇನ್ನೊಂದು ದಾರಿ, 30%ರದ್ದು ಎಕರೆಗೆ 1.3 ಲೀಟರ್. ಗಾಳಿಗೆ ಹಾರಿ ಹೋಗಿ ಪಕ್ಕದವರ ಜೊತೆ ಜಗಳ ತರುವ ಭಯ ಇದರಲ್ಲಿ ಕಡಿಮೆ. ಆದರೆ ನೆಲ ಹಸಿಯಿರಬೇಕು, ಹೆಂಟೆ ಇರಬಾರದು. ಎರೆ ಹೊಲದಲ್ಲಿ ಹೆಂಟೆ ಒಡೆಯುವುದೇ ಅರ್ಧ ಯುದ್ಧ, ಅಲ್ವಾ.

ಜೇಕಿಗೆ ಇವು ಯಾವುವೂ ಉತ್ತರವಲ್ಲ. ಮೇಲಿನ ಎಲೆ ಸುಟ್ಟರೂ ಗಡ್ಡೆ ಕೆಳಗೆ ನಗುತ್ತಿರುತ್ತದೆ. ಗೋಧಿ ಕೊಯ್ದ ಮೇಲೆ ಮಾರ್ಚ್‌ನಲ್ಲಿ ಆಳಕ್ಕೆ ಉತ್ತು, ಗಡ್ಡೆಯನ್ನು ಎರಡು ತಿಂಗಳ ಬಿಸಿಲಿಗೆ ಬಿಡಿ. ಎರಡು ಮೂರು ಬೇಸಿಗೆ ಹಿಡಿಯುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಔಷಧಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಗೋವಿನಜೋಳ ಎತ್ತಿದ ಕೂಡಲೇ ಒಂದು ನೀರು ಕೊಟ್ಟು, 8ರಿಂದ 10 ದಿನ ಕಸ ಮೊಳೆಯಲು ಬಿಟ್ಟು, ತೆಳುವಾಗಿ ಕುಂಟೆ ಹೊಡೆದು ಸಾಯಿಸುತ್ತಿದ್ದೆ. ಆಳಕ್ಕೆ ಹೊಡೆದರೆ ಕೆಳಗಿನ ಬೀಜ ಮೇಲೆ ಬಂದು ಕೆಲಸ ಕೆಡುತ್ತದೆ. ಆ ಹದದಲ್ಲೇ ನವೆಂಬರ್ 15ರೊಳಗೆ 9 ಅಂಗುಲದ ಸಾಲಿನಲ್ಲಿ ಬಿತ್ತನೆ. 21ನೇ ದಿನದ ನೀರು ಕೊಟ್ಟು ಹದ ಬಂದ ಮೇಲೆ ಒಂದು ಎಡೆಕುಂಟೆ, ಅದರ ಜೊತೆ ಯೂರಿಯಾ. ಗೋಧಿ ಸಾಲು ಮುಚ್ಚಿಕೊಳ್ಳುವವರೆಗೆ, ಅಂದರೆ ಮೊದಲ 40 ದಿನ ಹೊಲ ಚೊಕ್ಕ ಇದ್ದರೆ ಆಮೇಲೆ ಬಂದ ಕಸ ಇಳುವರಿ ತಿನ್ನುವುದು ಕಡಿಮೆ. ಅದನ್ನು ಬೀಜ ಕಟ್ಟುವ ಮುಂಚೆ ಕಿತ್ತರಾಯಿತು. ಕಾಂಗ್ರೆಸ್ ಕಸ ಕೀಳುವಾಗ ಕೈಗೆ ಏನಾದರೂ ಹಾಕಿಕೊಳ್ಳಿ, ತುರಿಕೆ ಕೆಟ್ಟದ್ದು. ಎಡೆ ಹೊಡೆದ ಮೇಲೂ ಕಸ ಮೇಲುಗೈ ಆದರೆ 30ನೇ ದಿನದ ಹೊತ್ತಿಗೆ, ಗಿಣ್ಣು ಮುಟ್ಟಿ ನೋಡಿ, ಮೆಟ್‌ಸಲ್ಫ್ಯುರಾನ್.

ಮತ್ತೊಂದು ಮಾಡಿ. ನಾಲ್ಕು ಎಕರೆಯನ್ನೂ ನನ್ನ ಮಾತಿಗೆ ಒಪ್ಪಿಸಬೇಡಿ. ಒಂದು ಮೂಲೆಯಲ್ಲಿ ಹತ್ತು ಸಾಲಿಗೆ ಡಿಎಪಿ ಹಾಕದೆ ಬಿಡಿ, ಪಕ್ಕದ ಹತ್ತು ಸಾಲಿಗೆ ಹಳೆಯ ರೂಢಿಯಂತೆ ಎರಚಿ, ಗೂಟ ಹೊಡೆದಿಡಿ. 40ನೇ ದಿನ ಮೂರೂ ಕಡೆ ಒಂದು ಮೀಟರ್ ಸಾಲಿನಲ್ಲಿ ತೆಂಡೆ ಎಣಿಸಿ, ಕಸವನ್ನೂ ಎಣಿಸಿ, ಫೋಟೋ ತೆಗೆದು ಆ ಆರು ಸಂಖ್ಯೆಗಳ ಜೊತೆ ನನಗೆ ಕಳಿಸಿ. ಡಿಎಪಿ ನಿಲ್ಲಿಸು ಅಂದವರನ್ನೂ ಆ ದಿನ ಹೊಲಕ್ಕೆ ಕರೆಯಿರಿ.